ಹಸಿ ಸಿಮೆಂಟಿನ ಮುಂದೆ ವನಜಾ ಮೇಡಂ

ಬಸವನಗುಡಿಯ ಪಾರ್ಕಿನಲ್ಲಿ ಯಾರಾದರೂ "ದಿನಾ ಮೂರು ಕಿಲೋಮೀಟರ್ ನಡೀತೀನಿ" ಎಂದು ಕೊಚ್ಚಿಕೊಂಡರೆ ಮುಗಿಯಿತು, ವನಜಾ ಮೇಡಂ ಅಡ್ಡ ನಿಲ್ಲುತ್ತಿದ್ದರು. "ಅಳೆದಿದೀರಾ?" ನಿವೃತ್ತ ಗಣಿತದ ಮೇಡಂ, ನಮ್ಮ ಪಕ್ಕದ ಮನೆಯವರು. ಎಸ್ಸೆಸ್ಸೆಲ್ಸಿಗೇ ಗಣಿತಕ್ಕೆ ಕೈಮುಗಿದವಳು ನಾನು. ಅವರನ್ನು ಕಂಡರೆ ರಸ್ತೆ ದಾಟಿಬಿಡುತ್ತಿದ್ದೆ.

ಒಂದು ಸಂಜೆ ನಮ್ಮ ಹಿಂದಿನ ಗಲ್ಲಿಗೆ ಸಿಮೆಂಟು ಹಾಕಿ ಹೋಗಿದ್ದರು. ಹಿತ್ತಲ ಬಾಗಿಲಲ್ಲಿ ಬಗ್ಗಿ ಕರಿಬೇವು ಕೀಳುತ್ತಿದ್ದೆ. ಯಾರೋ ನನ್ನ ಚಿನ್ನದ ಸರ ಕಿತ್ತುಕೊಂಡು ತಳ್ಳಿದರು. ಎದ್ದು ನೋಡುವಷ್ಟರಲ್ಲಿ ಗಲ್ಲಿ ಖಾಲಿ. ಹಸಿ ಸಿಮೆಂಟಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಒಂದು ಸೈಕಲ್ ಹೋದ ಗುರುತು: ಒಂದನ್ನೊಂದು ದಾಟುತ್ತ ಬಳುಕಿದ ಎರಡು ಚಕ್ರದ ಗೆರೆಗಳು. ಯಾವ ಕಡೆಗೆ ಹೋಯಿತೋ ತಿಳಿಯದು.

ಗಲ್ಲಿಯ ಕೆಳತುದಿಯಲ್ಲಿ ಹೂ ಮಾರುವ ಮಹದೇವ ಸೈಕಲ್ ನಿಲ್ಲಿಸಿಕೊಂಡು ಹೂವಿಗೆ ನೀರು ಚಿಮುಕಿಸುತ್ತಿದ್ದ. ಚಕ್ರವೂ ಒದ್ದೆಯಾಗಿತ್ತು. "ತೊಳ್ಕೊಂಡ್ಬಿಟ್ಟಿದಾನೆ ನೋಡ್ರೀ!" ಎಂದು ಯಾರೋ ಕಿರುಚಿದ್ದೇ ತಡ, ನನ್ನ ಕೂಗಿಗೆ ಸೇರಿದ್ದ ಗುಂಪು ಅವನ ಕೊರಳಪಟ್ಟಿ ಹಿಡಿದು ಹೊಡೆಯಲು ಕೈಯೆತ್ತಿತು. ಕಾನ್‌ಸ್ಟೇಬಲ್ಲೂ ಬಂದ.

"ಅಮ್ಮಾ, ನಾನು ಗಲ್ಲಿಗೇ ಬಂದಿಲ್ಲ. ನೀವಾದ್ರೂ ಹೇಳಿ" ಎಂದು ನನ್ನತ್ತ ನೋಡಿದ. ನಾನು ಏನನ್ನೂ ಕಂಡಿರಲಿಲ್ಲ.

"ಕೂಗಿದ್ದು ಸಾಕು, ಬಿಡಿ ಅವನನ್ನ" ಎಂದರು ಗದ್ದಲ ಕೇಳಿ ಬಂದ ವನಜಾ ಮೇಡಂ. ಮಹದೇವನ ಬುಟ್ಟಿಯಿಂದ ಹೂ ಕಟ್ಟುವ ದಾರ ತೆಗೆದುಕೊಂಡು ಗಲ್ಲಿಯ ಅಂಚಿನಲ್ಲಿ ಮಂಡಿಯೂರಿದರು. "ಹಿಂದಿನ ಚಕ್ರಕ್ಕೆ ಸ್ವಂತ ಬುದ್ಧಿ ಇಲ್ಲ. ಅದು ಯಾವಾಗ್ಲೂ ಮುಂದಿನ ಚಕ್ರದ ಕಡೆಗೇ ಮುಖ ಮಾಡಿರುತ್ತೆ." ಕಡಿಮೆ ಬಳುಕಿದ್ದು ಹಿಂದಿನ ಚಕ್ರದ ಗೆರೆ; ಅದು ಬಾಗಿದ ಕಡೆಯಲ್ಲೆಲ್ಲ ಅದರ ದಿಕ್ಕಿಗೇ ನೇರವಾಗಿ ದಾರ ಹಿಡಿದು, ಮುಂದಿನ ಚಕ್ರದ ಗೆರೆ ಮುಟ್ಟುವವರೆಗೆ ಅಳೆದರು. ಕೆಳತುದಿಯತ್ತ ಹಿಡಿದರೆ ಅಳತೆ ಒಮ್ಮೆ ಉದ್ದ, ಒಮ್ಮೆ ಗಿಡ್ಡ. ಮೇಲ್ತುದಿಯತ್ತ ಹಿಡಿದರೆ ಎಲ್ಲೆಲ್ಲೂ ಒಂದೇ: ಸೈಕಲ್ಲಿನ ಎರಡು ಚಕ್ರಗಳ ನಡುವಿನ ಉದ್ದ.

"ಕಳ್ಳ ಮೇಲಕ್ಕೆ ಹೋಗಿದಾನೆ. ಕೆಳಗೆ ನಿಂತಿರೋನ್ನ ಹಿಡ್ಕೊಂಡು ಏನ್ಮಾಡ್ತಿದೀರಿ?"

ಕಾನ್‌ಸ್ಟೇಬಲ್ ಬೈಕ್ ಹತ್ತಿ ಮೇಲ್ತುದಿಯತ್ತ ಧಾವಿಸಿದ. ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ಸಿಮೆಂಟು ಮೆತ್ತಿದ ಸೈಕಲ್ ನಿಂತಿತ್ತು. ಅದರ ಸವಾರ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ. ಸರ ಅವನ ಜೇಬಿನಲ್ಲಿತ್ತು. ಸುದ್ದಿ ಬಂದಾಗ ಇಡೀ ಬೀದಿ ಚಪ್ಪಾಳೆ ತಟ್ಟಿತು, ನಾನಂತೂ ಕುಣಿದೇಬಿಟ್ಟೆ. ಮಹದೇವ ಅಳುತ್ತಲೇ ಒಂದು ಮೊಳ ಮಲ್ಲಿಗೆ ಕೊಟ್ಟ. ಮೇಡಂ ಅದನ್ನು ತಮ್ಮ ಮೊಣಕೈಗೆ ಹಿಡಿದು ನೋಡಿ, "ನಿನ್ನ ಮೊಳ ಗಿಡ್ಡ ಕಣೋ" ಎಂದರು. ಅವನು ಅಳು ಮರೆತು ನಕ್ಕ.

ಹೋದ ವರ್ಷ ಅವರು ತೀರಿಕೊಳ್ಳುವ ಹಿಂದಿನ ವಾರ ಆಸ್ಪತ್ರೆಗೆ ಹೋಗಿದ್ದೆ. "ನಿಮ್ಮಿಂದ ನನ್ನ ಸರ ಸಿಕ್ತು ಮೇಡಂ" ಎಂದೆ.

"ಸರ ಬಿಡ್ರೀ, ಇನ್ನೊಂದು ಮಾಡಿಸ್ಕೋಬಹುದು" ಎಂದು ದಿಂಬಿನಿಂದ ತಲೆಯೆತ್ತಿದರು. "ಅಷ್ಟು ಜನ ಕೈಯೆತ್ತಿದ್ರು. ಒಂದೇಟೂ ಮಹದೇವನ ಮೇಲೆ ಬೀಳ್ಲಿಲ್ಲ ನೋಡಿ."