ನನ್ನ ನಂಬರಿನ ಹಿಂದಿನ ಒಡತಿ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮುದ್ದೇಬಿಹಾಳದ ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾನು ಬಂದಗಿಸಾಬ, ತಾಳಿಕೋಟಿ ರಸ್ತೆಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವವನು. ದಿನವಿಡೀ ಮೂಗಿನಲ್ಲಿ ಹತ್ತಿಯ ದೂಳು ಹೊಕ್ಕವನಿಗೆ ಶಾಂತಿ ಎಲ್ಲಿಂದ ಬರಬೇಕು? ಆದರೆ ಹೋದ ಚಳಿಗಾಲದ ಸಿಟ್ಟಿಗೆ ಕಾರಣ ನಾನಲ್ಲ, ನಾನು ಕೊಂಡ ಹೊಸ ಸಿಮ್ಮು.

ಅದನ್ನು ಹಾಕಿದ ದಿನದಿಂದ ಶುರುವಾಯಿತು. ‘ಅಕ್ಕಾರ, ಕೌದಿ ಹೊಲದು ಕೊಡ್ತೀರೇನ್ರಿ?’ ‘ಎವ್ವಾ, ದೊಡ್ಡ ಕೌದಿಗೆ ಎಷ್ಟು ಸೀರಿ ಬೇಕಾಗ್ತಾವ?’ ಹತ್ತಿಯ ಗಾದಿ ಹೊಲಿಯುವವನಿಗೆ ಫೋನು ಮಾಡಿ ಹಳೆ ಸೀರೆಯ ಕೌದಿ ಕೇಳುವುದೆಂದರೆ ಏನರ್ಥ! ‘ನಾ ನಿಮ್ಮ ಅಕ್ಕನೂ ಅಲ್ಲ, ಅವ್ವನೂ ಅಲ್ಲ, ಇಡ್ರಿ ಫೋನ!’ ಎಂದು ಒದರಿ ಒದರಿ ಗಂಟಲು ಹರಿಯಿತು. ಕಂಪನಿಯವರು ಬಂದ್ ಬಿದ್ದ ನಂಬರನ್ನು ಬೇರೆಯವರಿಗೆ ಕೊಡುತ್ತಾರೆ, ನನಗೆ ಬಂದದ್ದು ಯಾರೋ ಕೌದಿ ಹೊಲಿಯುವ ಹೆಂಗಸಿನದು ಎಂದು ಆಮೇಲೆ ತಿಳಿಯಿತು.

ಒಂದು ದಿನ ಆ ಹೆಂಗಸೇ ಫೋನು ಮಾಡಿದಳು.

‘ಅಣ್ಣಾರ, ನಿಮ್ಮ ಫೋನಿಗೆ ಈಗ ಆರಂಕಿದೊಂದು ನಂಬರ ಬರ್ತೈತ್ರಿ. ಅದನ್ನಷ್ಟ ಹೇಳ್ರಿ, ನಿಮಗ ಪುಣ್ಯ ಬರ್ತೈತಿ.’

ಯಾ ಅಲ್ಲಾ, ಓಟಿಪಿ! ಬ್ಯಾಂಕಿನವರು, ಪೊಲೀಸರು, ಟಿವಿಯವರು ಎಲ್ಲರೂ ಬಾಯಿ ನೋಯುವಷ್ಟು ಹೇಳಿದ್ದಾರೆ, ಓಟಿಪಿ ಯಾರಿಗೂ ಕೊಡಬೇಡಿ ಎಂದು. ನಮ್ಮ ಓಣಿಯ ಸಾವಿತ್ರವ್ವ ಹೀಗೇ ಅಂಕಿ ಹೇಳಿ ಪೆನ್ಶನ್ ಕಳಕೊಂಡು ಮೂರು ಸಂಜೆ ಅತ್ತಿದ್ದಳು. ನಾನು ಆ ಹೆಂಗಸಿಗೆ ಬಾಯಿಗೆ ಬಂದಂತೆ ಬೈದೆ. ಈಗಲೂ ಹೇಳುತ್ತೇನೆ, ಬೈದದ್ದು ಸರಿಯೇ. ಅವಳು ಬೇರೊಂದು ನಂಬರಿನಿಂದ ಮತ್ತೆ ಮಾಡಿದಳು.

‘ನಾ ಕಳ್ಳಿ ಅಲ್ರಿ ಅಣ್ಣಾರ. ಗೊಳಸಂಗಿ ಊರಿನ ಕೌದಿ ಶೆಟ್ಟೆವ್ವ.’

‘ಖರೇ ಮಂದಿ ಇದ್ರ ಎದುರಿಗೆ ಬಂದು ಕೇಳು! ಮುದ್ದೇಬಿಹಾಳದಾಗ ಗಾದಿ ಬಂದಗಿಸಾಬನ ಅಂಗಡಿ ಅಂದ್ರ ಸಣ್ಣ ಕೂಸೂ ತೋರಸ್ತೈತಿ!’

ಫೋನಿಟ್ಟ ಮೇಲೆ ನನ್ನ ಹೆಂಡತಿ ಹಣೆ ಚಚ್ಚಿಕೊಂಡಳು. ‘ಕಳ್ಳರಿಗೆ ಅಡ್ರೆಸ್ ಕೊಟ್ರೆಲ್ಲ, ಅಂಗಡಿ ಚಾವಿನೂ ಕೊಟ್ಟು ಬರ್ರಿ!’

ಮರುದಿನ ಹತ್ತಿಯ ಮೂಟೆ ಬಿಚ್ಚುತ್ತಿದ್ದೆ. ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಳು. ಉದ್ದನೆಯ ಒಣ ಮೈ, ತಲೆ ತುಂಬ ಸೆರಗು, ಬಗಲಲ್ಲಿ ಬಿಳಿ ಧೋತರದ ಗಂಟು.

‘ಎದುರಿಗೆ ಬಾ ಅಂದ್ರೆಲ್ಲ, ಬಂದೇನಿ’ ಎಂದು ನೆಲದ ಮೇಲೆ ಕೂತೇ ಬಿಟ್ಟಳು.

ಓಟಿಪಿ ಕದಿಯುವವರು ಬಸ್ಸು ಹತ್ತಿ ಬಂದು ನೆಲದ ಮೇಲೆ ಕೂರುತ್ತಾರೆಂದು ಯಾವ ಟಿವಿಯವನೂ ಹೇಳಿರಲಿಲ್ಲ. ನನ್ನ ಹೆಂಡತಿ ನೀರು ತಂದುಕೊಟ್ಟಳು. ಶೆಟ್ಟೆವ್ವ ಗಟಗಟ ಕುಡಿದು ತನ್ನ ಕಥೆ ಹೇಳಿದಳು.

ಆಕೆಯ ಮಗಳು ಕೋಮಲ ಬಾಗೇವಾಡಿಯಲ್ಲಿ ಕಾಲೇಜು ಓದುವವಳು. ಅವಳೇ ಅವ್ವನ ಕೌದಿಗಳ ಫೋಟೊ ತೆಗೆದು, ಫೋಟೊ ಹಾಕುವ ಆ್ಯಪಿನಲ್ಲಿ ಖಾತೆ ತೆರೆದುಕೊಟ್ಟಿದ್ದಳು. ದೂರದೂರದವರು ನೋಡಿ, ಅಲ್ಲೇ ಮೆಸೇಜು ಬರೆದು, ಮನೆಯ ಹಳೆಯ ಸೀರೆ ಕಳಿಸಿ ಕೌದಿ ಹೊಲಿಸಿಕೊಳ್ಳುತ್ತಿದ್ದರು. ಹಾಗೆ ಸಿಂದಗಿಯಿಂದ ಒಬ್ಬ ಬಸುರಿ ಹುಡುಗಿ ಸೀರೆ ಕಳಿಸಿದ್ದಳು. ಸೀರೆ ಅವಳ ತಾಯಿಯವು. ತಾಯಿ ತೀರಿ ಎರಡು ತಿಂಗಳೂ ಆಗಿರಲಿಲ್ಲ. ಹುಟ್ಟುವ ಕೂಸನ್ನು ಮೊದಲ ಸಲ ಮಲಗಿಸಲು ಅಜ್ಜಿಯ ಸೀರೆಯ ಕೌದಿ ಬೇಕು ಎಂದಿದ್ದಳು.

‘ಅರ್ಧ ಹೊಲದಿದ್ದೆ. ಒಂದು ಫೋಟೊ ಹಾಕವ್ವ, ನೋಡೂ ಆಸಿ ಅಂದ್ಲು ಆ ಹುಡುಗಿ. ಹಾಕಾಕ ಹೋದ್ರ ಬರೇ ಗುಂಡಗ ತಿರುಗತಿತ್ತು, ಹೋಗವಲ್ದಾಗಿತ್ತು. ಮೊಬೈಲ ಅಂಗಡ್ಯಾಂವ ನೋಡಿ, ಆ್ಯಪ ತಗದು ಹೊಸದಾಗಿ ಹಾಕ್ಬೇಕು ಅಂದ. ಹಾಕಿದ ಮ್ಯಾಲೆ ನನ್ನ ಮನಿಗೆ ನನ್ನನ್ನ ಬಿಡವಲ್ದು ನೋಡ್ರಿ. ಪಾಸವರ್ಡ್ ಕೇಳ್ತು. ಕೋಮಲಗೂ ನೆನಪಿಲ್ಲ.’

ಪಾಸ್‌ವರ್ಡ್ ಮರೆತರೆ ಹಳೆಯ ನಂಬರಿಗೆ ಅಂಕಿ ಕಳಿಸುತ್ತೇವೆ ಎಂದಿತಂತೆ ಆ್ಯಪು. ಆ ನಂಬರಿಗೆ ಹೊಲದಲ್ಲಿ ರೇಂಜು ಸಿಗುವುದಿಲ್ಲವೆಂದು ಈಕೆ ಬೇರೆ ಸಿಮ್ಮು ಕೊಂಡು, ಅದಕ್ಕೆ ಕರೆನ್ಸಿ ಹಾಕುವುದನ್ನೇ ಬಿಟ್ಟಿದ್ದಳು; ಅದು ಬಂದ್ ಬಿದ್ದು ನನ್ನ ಕೈಸೇರಿತ್ತು.

‘ಆಮ್ಯಾಲೆ ಕ್ಯಾಮೆರಾದಾಗ ಮಾರಿ ತೋರಸು ಅಂತು, ತೋರಸಿದೆ. ಈ ಮಾರಿ ನಿನ್ನ ಖಾತೇದಾಗ ಇಲ್ಲ ಅಂತು. ಎಲ್ಲಿಂದ ಇರಬೇಕ್ರಿ? ನಾ ಹಾಕಿದ್ದೆಲ್ಲ ಕೌದಿ ಮಾರಿ!’

ನನ್ನ ಹೆಂಡತಿ ಕಿಸಕ್ಕನೆ ನಕ್ಕಳು. ನಾನು ನಗಲಿಲ್ಲ. ‘ಆ ಹುಡುಗಿ ಫೋನ್ ನಂಬರ, ಅಡ್ರೆಸ್ ಈಸ್ಕೊಂಡಿಲ್ಲೇನು?’ ಎಂದು ಗದರಿದೆ.

‘ಕೌದಿ ಮುಗದ ಮ್ಯಾಲೆ ಹೇಳ್ತೇನಿ ಅಂದಿದ್ಲು. ಸೀರಿ ಬಂದದ್ದು ಬಸ್ಸಿನ್ಯಾಗ, ಡ್ರೈವರನ ಕೈಯಾಗ. ಹೆಸರರ ಗೊತ್ತೈತೇನು? ಆ್ಯಪಿನ್ಯಾಗ “ಮಲ್ಲಿಗಿ ಮೊಗ್ಗು” ಅಂತೈತಿ. ಸಿಂದಗಿ ಸ್ಟ್ಯಾಂಡಿನ್ಯಾಗ ನಿಂತು, ಮಲ್ಲಿಗಿ ಮೊಗ್ಗು ಯಾರ್ರಿ ಅಂತ ಕೇಳಿ ನಗಿಸಿಕೊಂಡು ಬಂದೇನಿ.’

ಶೆಟ್ಟೆವ್ವನ ಗಂಡ ಬಸಣ್ಣ ‘ಎರಡು ಹಳೇ ಸೀರಿಗೆ ಎಷ್ಟು ತಿರಗ್ತಿ, ಬಿಡ ಹುಚ್ಚಿ’ ಎಂದನಂತೆ. ಅದಕ್ಕೆ ಅವನಿಗೆ ಎರಡು ದಿನ ರೊಟ್ಟಿ ಬಡಿದುಕೊಟ್ಟಿಲ್ಲವಂತೆ. ‘ಹಳೇ ಸೀರಿ ಅಂತಾನ್ರಿ! ಒಬ್ಬಾಕಿ ತಾಯಿ ನನ್ನ ಮನ್ಯಾಗ ಉಳದಾಳ. ಆಕಿನ್ನ ಆಕಿ ಮಗಳ ಮನಿಗೆ ಮುಟ್ಟಸೂಮಟ ನನಗ ಅನ್ನ ಸೇರೂದಿಲ್ಲ.’

ಗಂಟು ಬಿಚ್ಚಿ ತೋರಿಸಿದಳು. ನಾನು ಸೂಜಿ ಹಿಡಿದು ಮುದುಕನಾದವನು, ಹೊಲಿಗೆಯಲ್ಲಿ ಸುಳ್ಳು ಹೇಳಲು ಬರುವುದಿಲ್ಲ ಎಂದು ಬಲ್ಲೆ. ಸಣ್ಣ ಕೌದಿ, ಅಕ್ಕಿಕಾಳಿನಂಥ ಹೊಲಿಗೆ. ಅತ್ತೆಯಿಂದ ಕಲಿತ ವಿದ್ಯೆಯಂತೆ. ಒಬ್ಬರ ಸೀರೆಯ ಚೂರು ಇನ್ನೊಬ್ಬರ ಕೌದಿಗೆ ಸೇರಬಾರದು ಎಂದು ಆ ಅತ್ತೆ ಹೇಳಿದ್ದಳಂತೆ. ಉಳಿದ ಚಿಂದಿಯನ್ನೂ ಒಂದು ಪುಟ್ಟ ಗಂಟು ಕಟ್ಟಿ ಜೊತೆಗಿಟ್ಟಿದ್ದಳು. ಒಂದು ಸಾಲು ಸೊಟ್ಟ ಹೋಯಿತೆಂದು ಇಡೀ ಕೌದಿ ಬಿಚ್ಚಿ ಮತ್ತೆ ಹೊಲಿದವಳಂತೆ ಇವಳು. ಇಂಥವಳ ಎದುರು ನನ್ನ ಹಟ ಎಷ್ಟರದು?

ಆದರೂ ಕೇಳಿದೆ. ‘ಆ ಅಂಕಿ ಬ್ಯಾಂಕಿಂದಿದ್ರ?’

‘ಫೋನ್ ನಿಮ್ಮ ಕೈಯಾಗ ಇರ್ಲಿ. ನೀವ ಓದ್ರಿ. ಬ್ಯಾಂಕಿಂದು ಅಂತಿದ್ರ ಹೇಳಬ್ಯಾಡ್ರಿ, ನಾ ಎದ್ದು ಹೋಗ್ತೇನಿ.’

ಒಪ್ಪಿದೆ. ಆಕೆ ತನ್ನ ಫೋನಿನಲ್ಲಿ ಒತ್ತಿದಳು. ನನ್ನ ಫೋನಿಗೆ ಏನೂ ಬರಲಿಲ್ಲ. ಮತ್ತೆ ಒತ್ತಿದಳು, ಇಲ್ಲ. ಮೂರನೆಯ ಸಲಕ್ಕೆ ಆ್ಯಪು ಮುನಿಸಿಕೊಂಡು, ಬಹಳ ಸಲ ಕೇಳಿದ್ದೀರಿ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದಿತು. ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ಹೋಗಿ ಪಕ್ಕದ ಮೊಬೈಲ್ ಅಂಗಡಿಯ ಮಹಮ್ಮದಹನೀಫನನ್ನು ತೋಳು ಹಿಡಿದು ಎಳೆದು ತಂದೆ.

ಅವನು ನನ್ನ ಫೋನು ತಿಕ್ಕಿ ನೋಡಿ ನಕ್ಕ. ‘ಕಾಕಾ, ಗುರುತಿಲ್ಲದವರ ಮೆಸೇಜ ಬ್ಯಾಡಂತ ನೀವ ನನ್ನ ಜೀವಾ ತಿಂದಿದ್ರಿ. ಎಲ್ಲಾ ಸ್ಪ್ಯಾಮ್ ಅನ್ನೂ ಕಡೆ ಬಿದ್ದಾವ.’ ತೆರೆದರೆ ಮೂರೂ ಅಂಕಿಗಳು ಅಲ್ಲೇ ಬಿದ್ದಿದ್ದವು, ಅವಧಿ ಮೀರಿ. ಆ ಬೀಗ ತೆಗೆಸಿದೆ. ಆ್ಯಪಿನ ಮುನಿಸು ಇಳಿಯುವ ತನಕ ಎಲ್ಲರೂ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಶೆಟ್ಟೆವ್ವ ಒಂದು ತುತ್ತೂ ಮುಟ್ಟಲಿಲ್ಲ. ಒತ್ತಾಯ ಮಾಡಬೇಡ ಎಂದು ಹೆಂಡತಿಗೆ ಕಣ್ಣಲ್ಲೇ ಹೇಳಿದೆ.

ಮತ್ತೆ ಒತ್ತಿದಾಗ ಅಂಕಿ ಟಣ್ಣೆಂದು ನನ್ನ ಕೈಗೇ ಬಂತು. ಬ್ಯಾಂಕಿನದಲ್ಲ, ಆ್ಯಪಿನದೇ. ಜನ್ಮದಲ್ಲಿ ಮೊದಲ ಸಲ ಒಂದು ಓಟಿಪಿಯನ್ನು ಗಟ್ಟಿಯಾಗಿ ಓದಿ ಹೇಳಿದೆ. ಶೆಟ್ಟೆವ್ವನ ಖಾತೆ ತೆರೆಯಿತು.

ಮೆಸೇಜಿನ ರಾಶಿಯೇ ಇತ್ತು. ‘ನೀವ ಓದ್ರಿ ಅಣ್ಣಾರ’ ಎಂದು ಫೋನನ್ನು ನನಗೆ ಕೊಟ್ಟಳು. ಮಲ್ಲಿಗೆ ಮೊಗ್ಗಿನವು ಒಂದರ ಕೆಳಗೊಂದು ಇದ್ದವು.

‘ಅವ್ವಾ, ಫೋಟೊ ಹಾಕಲಿಲ್ಲ?’

‘ಅವ್ವಾ, ಆರಾಮ ಇದ್ದಿಯೇನು?’

‘ಯಾಕ ಮಾತಾಡವಲ್ಲಿ?’

‘ನಮ್ಮಣ್ಣ ಅಂತಾನ, ಆಕಿ ಸೀರಿ ಮಾರ್ಕೊಂಡಿರ್ತಾಳ ಅಂತ. ನಾ ಹಂಗಲ್ಲ ಅಂದೆ. ಈಗ ನನಗೂ ಹಂಗ ಅನಸಾಕತ್ತೈತಿ.’

ಮುಂದಿನದನ್ನು ಓದದೆ ಸರಿಸಲು ಹೋದೆ. ‘ಓದ್ರಿ’ ಎಂದಳು ಶೆಟ್ಟೆವ್ವ.

‘ಕಳ್ಳಿ. ಸತ್ತಾಕಿ ಸೀರಿನೂ ಬಿಡಲಿಲ್ಲ ನೀನು.’

ನನಗೆ ಆ ಹುಡುಗಿಯ ಮೇಲೆ ರೇಗಿತು. ಈಕೆಗೆ ಕಳ್ಳಿ ಅನ್ನುವುದೇ! ನಿನ್ನೆ ನಾನೂ ಅದನ್ನೇ ಅಂದಿದ್ದೆ, ಅದು ಬೇರೆ ಮಾತು. ‘ನಾಲಗಿಗೆ ಎಲಬಿಲ್ಲ ಅಂತ ಹೆಂಗ ಬೇಕಾದಂಗ ಆಡೂದೇನು!’ ಎಂದೆ.

‘ಸುಮ್ಮನಿರ್ರಿ. ತಾಯಿ ಸೀರಿ ಅವು. ನಾನಿದ್ರ ಇದಕ್ಕಿಂತ ಹೆಚ್ಚ ಬೈತಿದ್ದೆ’ ಎಂದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ದನಿ ಮಾತ್ರ ಅಲುಗಿರಲಿಲ್ಲ.

ಕೊನೆಯದು ಹಿಂದಿನ ದಿನ ಬಂದದ್ದು. ‘ಕೂಸು ಹುಟ್ಟೈತಿ. ನನ್ನವ್ವನ ವಾಸನಿ ಇರೂ ಒಂದ ಅರಿವಿ ತುಂಡೂ ಮನ್ಯಾಗ ಉಳದಿಲ್ಲ.’

ಶೆಟ್ಟೆವ್ವ ಫೋನು ಕಸಿದುಕೊಂಡು ಕರೆ ಒತ್ತಿದಳು. ಆ್ಯಪಿನಲ್ಲೇ ಮಾತಾಡುವ ಸವಲತ್ತಿತ್ತು. ಆಚೆಯ ದನಿ ಎತ್ತಿದ ಕೂಡಲೇ ಬೈಯತೊಡಗಿತು. ಹಿಂದೆ ಎಳೆಕೂಸಿನ ಅಳು ಕೇಳುತ್ತಿತ್ತು. ಬೈದು ಮುಗಿದ ಮೇಲೆ ಈಕೆ ಕೇಳಿದಳು.

‘ಹೆಣ್ಣೇನವ್ವ, ಗಂಡೇನ?’

‘ಹೆಣ್ಣು’ ಎಂದಿತು ದನಿ.

‘ಕೌದಿ ಮುಗದೈತಿ ಮಗಳ. ಒಗದು ಹೊಲಿಯೂದು ಪದ್ಧತಿ. ಗಂಟು ಬಿಚ್ಚಿದಾಗ ನಿಮ್ಮವ್ವನ ಎಣ್ಣಿ, ಊದಿನಕಡ್ಡಿ ವಾಸನಿ ಬಂತು. ಒಗಿಯಾಕ ಮನಸ ಬರ್ಲಿಲ್ಲ. ಹಂಗ ಹೊಲದೇನಿ.’

ಆ ಹುಡುಗಿ ಅತ್ತದ್ದು ನನ್ನ ಅಂಗಡಿಯ ಹೊರಗಿನ ತನಕ ಕೇಳಿಸಿತು. ಕೂಸಿಗಿಂತ ಜೋರಾಗಿ ಅತ್ತಳು. ಮನೆ ಎಲ್ಲಿ ಎಂದರೆ ಹೇಳಲಿಕ್ಕಾಗಲಿಲ್ಲ. ಕೊನೆಗೆ ಅವಳ ಅಣ್ಣ ಫೋನು ಈಸಿಕೊಂಡ. ಸೀರೆ ಮಾರಿಕೊಂಡಿರುತ್ತಾಳೆ ಎಂದವನು ಇವನೇ.

‘ಎವ್ವಾ, ತಪ್ಪಾತ್ರಿ. ನೀವು ತ್ರಾಸ ತಗೋಬ್ಯಾಡ್ರಿ. ಎಲ್ಲಿದ್ದೀರಿ ಹೇಳ್ರಿ, ಗಾಡಿ ತಗೊಂಡು ನಾನ ಬರ್ತೇನಿ’ ಎಂದ.

ಶೆಟ್ಟೆವ್ವ ಆಗಲೇ ಎದ್ದು ನಿಂತು, ಗಂಟನ್ನು ಬಗಲಿಗೆ ಏರಿಸಿದ್ದಳು.

‘ಬ್ಯಾಡಪಾ. ಮನಿ ಗುರುತು ಹೇಳು. ಇಲ್ಲೀಮಟ ತಂದೇನಿ, ಕೂಸಿನ ಕೆಳಗ ನಾನ ಹಾಸ್ತೇನಿ.’