ಕಡಲು ದಾಟಿ ಬಂದ ಹೊಗೆ

ಅವರ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಬೂದುಬಣ್ಣಕ್ಕಿರುತ್ತಿತ್ತು. ಯಾರ ಮನೆಗೆ ಹೋದರೂ ಕಿಟಕಿಯ ಸರಳನ್ನೋ ಗಿಡದ ಎಲೆಯನ್ನೋ ಸವರಿ, ಬೆರಳನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ. ಹರಿಹರದಲ್ಲಿ ಹುಟ್ಟಿ, ದಾವಣಗೆರೆಯ ಸರಸ್ವತಿ ನಗರದಲ್ಲಿ ಒಬ್ಬರೇ ವಾಸವಿದ್ದ ಅವರು ನನ್ನ ಸಂಶೋಧನೆಗೆ ಗುರು. ನನಗೆ ಬರೀ 'ಮೇಡಂ'.

ಗಾಳಿಯ ಧೂಳನ್ನು ಅಳೆಯಲು ಒಂದು ವರ್ಷ ನನ್ನನ್ನು ಅಂಡಮಾನಿಗೆ ಕರೆದೊಯ್ದರು. ಕಡಲಿಗೆ ಮುಖಮಾಡಿದ ತಾರಸಿಯ ಮೇಲೆ ಗಾಳಿ ಹೀರುವ ಯಂತ್ರ, ಅದರೊಳಗೆ ಬಿಳಿ ಕಾಗದ. ಮಳೆಗಾಲವಿಡೀ ಕಾಗದ ಹೆಚ್ಚುಕಡಿಮೆ ಬಿಳಿಯಾಗಿಯೇ ಹೊರಬರುತ್ತಿತ್ತು. ಚಳಿಗಾಲಕ್ಕೆ ಗಾಳಿ ಈಶಾನ್ಯದಿಂದ ಬೀಸತೊಡಗಿತು. ಒಂದು ಬೆಳಿಗ್ಗೆ ನೋಡಿದರೆ ಎದುರಿನ ದ್ವೀಪವೇ ಇಲ್ಲ! ಆಕಾಶ ಯಾವುದು, ನೀರು ಯಾವುದು ತಿಳಿಯದಂಥ ಮಬ್ಬು. ಒಂದು ದೋಣಿ ಆ ಮಬ್ಬಿನೊಳಗೆ ನಿಧಾನ ಕರಗಿಹೋಯಿತು. ಕಾಗದ ಕಂದುಬಣ್ಣಕ್ಕೆ ತಿರುಗಿತ್ತು.

"ಇಲ್ಲಿ ಒಂದು ಚಿಮಣಿನೂ ಇಲ್ಲಲ್ರಿ ಮೇಡಂ, ಎಲ್ಲಿಂದ ಬಂತಿದು?" ಎಂದೆ.

"ಆಚೆ ದಡದಾಗ ಯಾರೋ ಗದ್ದ್ಯಾಗಿನ ಹುಲ್ಲಿಗೆ ಬೆಂಕಿ ಇಟ್ಟಿರ್ತಾರ, ಯಾರೋ ಒಲಿ ಹಚ್ಚಿರ್ತಾರ. ನಾವಿಲ್ಲಿ ಉಸಿರಾಡ್ತೀವಿ ಅಂತ ಅವರಿಗೆ ಹೆಂಗೆ ಗೊತ್ತಾಗ್ಬೇಕು ಹೇಳು?"

ದನಿಯಲ್ಲಿ ಸಿಟ್ಟಿರಲಿಲ್ಲ. ಬಿಸಿಲೇರಿ ದ್ವೀಪ ಮತ್ತೆ ಮೂಡುವಷ್ಟರಲ್ಲಿ ಯಂತ್ರಕ್ಕೆ ಹೊಸ ಕಾಗದ ಹಾಕಿದ್ದೆವು.

ಊರಿಗೆ ಮರಳಿದ ಮೇಲೆ ಅವರಿಗೆ ಉಬ್ಬಸ ಶುರುವಾಯಿತು. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಗಾಳಿ ಬೀಸಿದ ದಿನ ಹೆಚ್ಚುತ್ತಿತ್ತು. ಅಲ್ಲಿ ಉರುವಲಿಗೆ ಹಳೇ ಟೈರು ಸುಡುತ್ತಿದ್ದರು. ಭಟ್ಟಿ ಮುಚ್ಚಿಸಬೇಕೆಂದು ನೆರೆಯವರು ದೂರು ಹಿಡಿದು ಬಂದರೆ ಮೇಡಂ ಸಹಿ ಹಾಕಲಿಲ್ಲ. "ಬ್ಯಾಡ್ರಿ. ಮುಚ್ಚಿದ್ರೆ ಅವರು ಏನು ತಿನ್ಬೇಕು?" ಎಂದವರೇ ಮೂಗಿಗೆ ಸೆರಗು ಹಿಡಿದು, ನನ್ನನ್ನೂ ಕರೆದುಕೊಂಡು ಭಟ್ಟಿಗೇ ಹೋದರು.

ಅಕ್ಕಿ ಹುರಿಯುತ್ತಿದ್ದ ಒಡತಿ ಕೆಮ್ಮುತ್ತಲೇ ಎದ್ದು ಬಂದಳು.

"ಟೈರು ಬಿಟ್ಟು ಭತ್ತದ ಹೊಟ್ಟು ಉರಿಸಾಕ ಆಗಲ್ವೇನವ್ವ? ನಿನ್ನ ಎದಿಗೂ ಒಳ್ಳೇದು," ಎಂದರು ಮೇಡಂ.

"ಹೊಟ್ಟು ಎಲ್ಲೈತ್ರಿ ಅಕ್ಕಾರೆ? ನಮಗೆ ಯಾರು ಕೊಡ್ತಾರ?"

ಮೇಡಂ ಆನಗೋಡಿನ ಕಡೆ ಅಕ್ಕಿಗಿರಣಿ ನಡೆಸುತ್ತಿದ್ದ ಹಳೇ ವಿದ್ಯಾರ್ಥಿಯ ಬೆನ್ನು ಬಿದ್ದರು. ಏದುಸಿರು ಬಿಡುತ್ತಲೇ ಓಡಾಡಿ, ಹೊಟ್ಟು ತಪ್ಪದೆ ಬರುವಂತೆ ಮಾಡಿದರು. ಮುಂದಿನ ಚಳಿಗಾಲಕ್ಕೆ ಆ ಭಟ್ಟಿಗಳ ಸಾಲಿನಲ್ಲಿ ಟೈರು ಸುಡುವುದು ನಿಂತಿತು. ಹೊಗೆ ನಿಲ್ಲಲಿಲ್ಲ, ಅದರ ಕಪ್ಪು ತಗ್ಗಿತು.

ಅಷ್ಟರಲ್ಲಿ ಅವರ ಎದೆ ಸೋತಿತ್ತು. ಹರಿಹರದಲ್ಲಿ, ತಂಗಿಯ ಮನೆಯಲ್ಲಿ, ತುಂಗಭದ್ರೆಯ ಮೇಲೆ ಮಂಜು ಕೂತಿದ್ದ ಒಂದು ಮುಂಜಾನೆ ತೀರಿಕೊಂಡರು.

ಸುದ್ದಿ ತಿಳಿದು ಭಟ್ಟಿಯ ಒಡತಿ ಬಸ್ಸು ಹತ್ತಿ ಬಂದಿದ್ದಳು. ಒಳಗೆ ಬಾರದೆ ಬಾಗಿಲಲ್ಲೇ ನಿಂತು ನನ್ನನ್ನು ಕೇಳಿದಳು: "ನಮ್ಮ ಹೊಗಿನೇ ಅವರನ್ನ ತಿಂತೇನ್ರಿ?"

ಯಾವ ಕಣ ಯಾವ ಬೆಂಕಿಯದೆಂದು ಬಿಡಿಸಿ ಹೇಳುವ ವಿದ್ಯೆಯನ್ನು ಮೇಡಂ ನನಗೆ ಕಲಿಸಿದ್ದರು. ಆ ಹೊತ್ತಿನಲ್ಲಿ ಅದು ನೆನಪಿಗೆ ಬರಲಿಲ್ಲ.

"ಒಳಗ ಬರ್ರಿ," ಎಂದು ಕೈಹಿಡಿದು, ಆಕೆಯನ್ನು ಅವರ ತಲೆಯ ಬಳಿ ಕೂರಿಸಿದೆ.