ಹುಸೇನಸಾಬರು ಕೂರಿಸಿದ ಮುಚ್ಚಳ

ಮರದ ತುಂಡು ಕೈಗೆ ಕೊಟ್ಟರೆ ಹುಸೇನಸಾಬರು ಮೊದಲು ಅದಕ್ಕೆ ನಾಲಿಗೆ ತಾಗಿಸುತ್ತಿದ್ದರು. ನೆಕ್ಕಿದ ಜಾಗವನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಒಣ ಕಟ್ಟಿಗೆ ತನ್ನ ಬಣ್ಣ ಬಿಟ್ಟುಕೊಡುವುದಿಲ್ಲ, ಪಾಲಿಶ್ ಕುಡಿದ ಮೇಲೆ ಹೇಗಾಗುತ್ತದೆಂದು ಒದ್ದೆಯಾದಾಗಲೇ ತಿಳಿಯುತ್ತದೆ ಎಂಬುದು ಅವರ ಲೆಕ್ಕ. ನೀರು ಹಚ್ಚಿದರೂ ಆಗುತ್ತದಲ್ಲ ಎಂದೆ. “ನೀರ ತರಾಕ ಯಾರ ಏಳಬೇಕ್ರಿ?” ಎಂದರು.

ದುಮ್ಮವಾಡದ ರಸ್ತೆ ಪಕ್ಕ ಅವರದೊಂದು ತಗಡಿನ ಶೆಡ್ಡು. ಹಳೆಯ ಬಾಗಿಲು, ತೊಟ್ಟಿಲು, ಪೆಟ್ಟಿಗೆಗಳಿಗೆ ತೇಪೆ ಹಾಕುವುದು ಅವರ ಕೆಲಸ. ಪತ್ರಿಕೆಗೆ ತೊಟ್ಟಿಲ ಕೆಲಸದ ಬಗ್ಗೆ ಬರೆಯಲು ಹೋದ ನನ್ನ ಮುಂದೆ ಅವರು ಒಂದು ಹಲಗೆ ಇಟ್ಟು, “ಜೋಡ ಹುಡಕ್ರಿ” ಎಂದಿದ್ದರು. ಎರಡು ಮರ ಕೂಡಿದ ಗೆರೆ ಎಲ್ಲಿದೆಯೆಂದು ನಾನು ಹೇಳಬೇಕಿತ್ತು. ಬೆರಳಾಡಿಸಿದೆ, ಓರೆ ಮಾಡಿ ನೋಡಿದೆ, ಸಿಗಲಿಲ್ಲ. “ಪೇಪರದಾವ್ರಿಗೆ ಎಲ್ಲಾ ಕಾಣತೈತಿ ಅಂತಾರಪಾ” ಎಂದು ನಕ್ಕರು. ಶೆಡ್ಡಿಗೆ ಬಂದ ಯಾರಿಗೂ ಈ ಪರೀಕ್ಷೆ ತಪ್ಪುತ್ತಿರಲಿಲ್ಲ. ಚಹಾ ಆಮೇಲೆ.

ಕಾರವಾರದಲ್ಲಿರುವ ನನ್ನ ಅಕ್ಕನ ಗಂಡ ವಿನಾಯಕ ಭಾವನ ಬಳಿ ಹಳೆಯ ಹಾಯಿದೋಣಿಯೊಂದಿದೆ. ಅದರ ಒಳಗಿನ ಸಣ್ಣ ಕೋಣೆಗೆ ತೇಗದ ನೆಲ, ನಡುನಡುವೆ ಬಿಳಿ ಮರದ ತೆಳು ಪಟ್ಟಿ. ದೋಣಿಯ ತಳದಲ್ಲಿ ಸೇರುವ ನೀರನ್ನು ಹೊರಹಾಕಲು ಆ ನೆಲದಲ್ಲಿ ಒಂದು ಮುಚ್ಚಳವಿದೆ. ಮುಚ್ಚಳವೂ ಅದರ ಸುತ್ತಲಿನ ಹಲಗೆಗಳೂ ಕೊಳೆತಿದ್ದವು. ಅಲ್ಲಿಯ ಬಡಗಿಗಳು ಎಲ್ಲ ಕಿತ್ತು ಫೈಬರ್ ಹಾಕಿಸಿ ಎಂದರು. ಭಾವನಿಗೆ ಮನಸ್ಸಾಗಲಿಲ್ಲ. ನಾನು ಹುಸೇನಸಾಬರ ಹೆಸರು ಹೇಳಿದೆ.

ಫೋಟೋ ಕಳಿಸುತ್ತೇನೆಂದರೆ ಅವರು ಒಪ್ಪಲಿಲ್ಲ. “ಫೋನಿನ್ಯಾಗಿನ ಬಣ್ಣ ಸುಳ್ಳ ಹೇಳತೈತಿ. ಕಟಗಿ ಕಳಸರಿ.” ಕೊಳೆತ ಹಲಗೆಗಳು, ಪಕ್ಕದ ಒಂದು ಗಟ್ಟಿ ಹಲಗೆ ಟೆಂಪೋದಲ್ಲಿ ಬಂದವು. ಗಟ್ಟಿ ಹಲಗೆಯನ್ನು ನೆಕ್ಕಿ, “ಉಪ್ಪು” ಎಂದು ಮುಖ ಕಿವುಚಿದರು. ಅದಕ್ಕೆ ಹೊಂದುವ ತೇಗ ಹುಡುಕಿಕೊಂಡು ಬಮ್ಮಿಗಟ್ಟಿಯಲ್ಲಿ ಬಿಚ್ಚುತ್ತಿದ್ದ ಮನೆಯೊಂದಕ್ಕೆ ಹೋದೆವು. ತೊಲೆಗಳ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಕೆರೆದು ನಾಲಿಗೆ ತಾಗಿಸಿದರು. “ಅಡಗಿಮನಿದು ಬ್ಯಾಡ, ಹೊಗಿ ಕುಡದೈತಿ. ಪಡಸಾಲಿದು ಅಗದಿ ಬರೋಬ್ಬರಿ.” ಮನೆಯ ಮಾಲೀಕ ಮೆಲ್ಲಗೆ ನನ್ನನ್ನು ಕೇಳಿದ: “ಇವರು ಕಟಗಿ ಕೊಳ್ಳಾಕ ಬಂದಾರೋ, ತಿನ್ನಾಕ ಬಂದಾರೋ?”

ಮುಚ್ಚಳದ ಸುತ್ತ ನಾಣ್ಯದ ದಪ್ಪದಷ್ಟು ಸಂದಿ ಬಿಡಲು ಹೇಳು ಎಂದು ಭಾವ ಫೋನಿನಲ್ಲಿ ತಿಳಿಸಿದ್ದ. ಹೇಳಿದೆ. ಹುಸೇನಸಾಬರು ಉಳಿ ಕೆಳಗಿಟ್ಟರು.

“ಸಂದಿ ಬಿಟ್ರ ಯಾರ ನೋಡಿದ್ರೂ ಜೋಡ ಕಾಣತೈತಿ. ಹಳೇ ತೇಗರೀ ಇದು. ಕುಡ್ಯೂದೆಲ್ಲಾ ಕುಡದ ಮುಗಿಸೈತಿ. ಇನ್ನ ಮಿಸುಕೂದಿಲ್ಲ.”

ಅದು ಬೇಸಿಗೆ. ಶೆಡ್ಡಿನ ತಗಡು ಕಾದು ಟಿಕ್ ಟಿಕ್ ಎನ್ನುತ್ತಿತ್ತು. ಮುಗಿದ ನೆಲದ ಮೇಲೆ ನಾನು ಮುಚ್ಚಳ ಹುಡುಕಿ ಸೋತೆ. ಹಿತ್ತಾಳೆಯ ಉಂಗುರ ಇಲ್ಲದಿದ್ದರೆ ಅಲ್ಲೊಂದು ಮುಚ್ಚಳವಿದೆಯೆಂದೇ ತಿಳಿಯುತ್ತಿರಲಿಲ್ಲ.

ಆ ನೆಲವನ್ನು ಟೆಂಪೋದಲ್ಲೇ ಕಾರವಾರಕ್ಕೆ ಕಳಿಸಿದೆವು, ಭಾವ ಅಲ್ಲಿಯ ಬಡಗಿಗಳಿಂದ ದೋಣಿಗೆ ಜೋಡಿಸಿಕೊಂಡ. ಮಳೆಗಾಲ ಕಳೆದು ದೋಣಿ ನೀರಿಗಿಳಿದ ಮೇಲೆ ಭಾವನ ಫೋನು ಬಂತು. ಮುಚ್ಚಳ ಏಳುತ್ತಿಲ್ಲ, ಎಳೆದರೆ ಉಂಗುರವೇ ಕಿತ್ತು ಬಂತು, ಕೆಳಗೆ ನೀರು ಸೇರುತ್ತಿದೆ, ನಾಳೆಯವರೆಗೆ ನೋಡಿ ಹಾರೆಯಿಂದ ಒಡೆಯುತ್ತೇನೆ ಎಂದ. ಹುಸೇನಸಾಬರಿಗೆ ಹೇಳಿದೆ. “ಒಡೀಬ್ಯಾಡ ಅನ್ರಿ. ನಾನ ಬರ್ತೇನಿ” ಎಂದು ಗರಗಸಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದರು. ಹೆಂಡತಿ ಜೈನಬಿ ಬಾಗಿಲಲ್ಲಿ ನಿಂತು ನನಗೆ ಕೇಳುವಂತೆ ಹೇಳಿದರು: “ಸಮುದ್ರಕ್ಕ ಹೊಂಟಾರ ನೋಡ್ರಿ. ನಮ್ಮೂರ ಕೆರಿಯಾಗ ಮೊಣಕಾಲಮಟ ಇಳಿದಾವ್ರಲ್ಲ.”

ಅವರು ಸಮುದ್ರದ ಹತ್ತಿರ ಬಂದದ್ದು ಅದೇ ಮೊದಲು. ಆದರೆ ನೋಡಲಿಲ್ಲ. ದೋಣಿ ಹತ್ತುವಾಗ ನನ್ನ ಭುಜ ಹಿಡಿದುಕೊಂಡಿದ್ದರು, ಕಣ್ಣೆಲ್ಲ ಒಳಗಿನ ನೆಲದ ಮೇಲಿತ್ತು. ಮಂಡಿಯೂರಿ ಬೆರಳಾಡಿಸಿದರು. ಟಾರ್ಚ್ ಓರೆ ಹಿಡಿಸಿದರು. ಗಾಳಿಯ ತೇವಕ್ಕೆ ಮರ ಉಬ್ಬಿ ಮುಚ್ಚಳವೂ ಹಲಗೆಯೂ ಒಂದಾಗಿ ಕಚ್ಚಿಕೊಂಡಿದ್ದವು. ಅಳತೆ ಅವರಿಗೆ ನೆನಪಿತ್ತು, ಆದರೆ ಅಂದಾಜಿನ ಮೇಲೆ ಗರಗಸ ಇಡುವಂತಿರಲಿಲ್ಲ. ಎಳೆಯಷ್ಟು ತಪ್ಪಿದರೂ ಒಳ್ಳೆಯ ಹಲಗೆಗೆ ಗಾಯ. ನೆಲದ ಕೆಳಗೆ ನೀರು ತುಳುಕುವ ಸದ್ದು ಕೇಳುತ್ತಿತ್ತು.

“ಸಿಗವಲ್ಲದು” ಎಂದರು.

ಭಾವ ಹಾರೆ ತರಲು ಎದ್ದ. “ತಡೀರಿ, ಭಾವಾರ” ಎಂದು ಹುಸೇನಸಾಬರು ಬಾಗಿ, ನೆಲಕ್ಕೆ ಹಣೆ ಮುಟ್ಟುವಷ್ಟು ಬಾಗಿ, ನಾಲಿಗೆಯಿಂದ ಒಂದು ಗೇಣಿನಷ್ಟು ಒದ್ದೆ ಗೆರೆ ಎಳೆದರು. ಅಂಗೈಯಿಂದ ಒರೆಸಿ ಕಾದರು. ಮೇಲಿನ ಒದ್ದೆ ಆರಿತು, ಕೂಡಿದ ಕಡೆ ಇಂಗಿದ ಒದ್ದೆ ಆರಲಿಲ್ಲ. ಕೂದಲಿನಂಥ ಕಪ್ಪು ಗೆರೆಯೊಂದು ಉಳಿಯಿತು. ಭಾವ ಹಾರೆ ಬಿಟ್ಟು ತಂಬಿಗೆಯಲ್ಲಿ ಸಿಹಿನೀರು ತಂದಿಟ್ಟ. ಈ ಸಲ ಬೇಡ ಎನ್ನದೆ ಬಟ್ಟೆ ಅದ್ದಿ ಉಳಿದ ಸುತ್ತನ್ನೂ ಹುಡುಕಿದರು.

ಮೂಲೆಯಲ್ಲಿ ತೂತು ಕೊರೆದು ತೆಳು ಗರಗಸ ಇಳಿಸಿದರು. ತಾವು ಕೂಡಿಸಿದ ಗೆರೆಯನ್ನು ತಾವೇ ಕೊಯ್ದರು. ಮುಚ್ಚಳ ಎದ್ದಾಗ ಕೆಳಗಿನ ನೀರು ಹಲಗೆಯ ಅಂಚಿಗೆ ಬಂದಿತ್ತು. ಭಾವ ಪಂಪು ಹಾಕಿದ. ನೀರೆಲ್ಲ ಹೋದ ಮೇಲೆ ಮುಚ್ಚಳ ಮರಳಿ ಇಟ್ಟು ನೋಡಿದರು. ಸುತ್ತಲೂ ನಾಣ್ಯದ ದಪ್ಪದ ಸಂದಿ, ಬಾಗಿಲಿನಿಂದಲೇ ಕಾಣುವಂಥದು.

“ನೀವು ಹೇಳಿದ್ದ ಖರೆ ಆತ್ರಿ” ಎಂದರು ಭಾವನಿಗೆ.

“ಬಣ್ಣ ಮಾತ್ರ ಯಾರೂ ಹೀಗೆ ಹೊಂದಿಸುತ್ತಿರಲಿಲ್ಲ” ಎಂದ ಭಾವ.

“ಬಣ್ಣ ಇರ್ಲಿ ಬಿಡ್ರಿ.”

ಹಿಂದಿರುಗುವ ಬಸ್ಸು ಯಲ್ಲಾಪುರ ದಾಟಿತು. ಹುಸೇನಸಾಬರು ಕಿಟಕಿಯ ಕಡೆ ನೋಡುತ್ತಲೇ, “ಇಷ್ಟ ವರ್ಷ ಆದ್ರೂ ಅದರ ಹೊಟ್ಟಿ ತುಂಬಿಲ್ಲ ನೋಡ್ರಿ” ಎಂದರು. ಕಟ್ಟಿಗೆಯ ಮಾತು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಅಂದಿನಿಂದ ಶೆಡ್ಡಿಗೆ ಹೋದವರಿಗೆ ಪರೀಕ್ಷೆ ನಿಂತಿತು, ಚಹಾ ಬೇಗ ಬರತೊಡಗಿತು. ನನ್ನನ್ನು ಕಂಡಾಗ ಮಾತ್ರ ನಮಸ್ಕಾರಕ್ಕೂ ಮೊದಲು ಒಂದೇ ಪ್ರಶ್ನೆ: “ಮುಚ್ಚಳಾ ಏಳತೈತೇನ್ರಿ?” ಏಳುತ್ತದೆ ಎನ್ನುತ್ತಿದ್ದೆ. ನಾನು ಕೈಯಾರೆ ಎತ್ತಿ ನೋಡಿ ಹೇಳುತ್ತಿರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು. “ನೀವು ನೋಡೀರೋ, ಅವರು ಹೇಳ್ಯಾರೋ?” ಎಂದು ಬಿಡದೆ ಕೇಳುತ್ತಿದ್ದರು. ವರದಿಗಾರನಾದ ನನ್ನನ್ನು ಹಾಗೆ ಕೇಳಿದವರು ಕಡಿಮೆ. ಕೊನೆಯ ಸಲ ಹೋದಾಗ ಉಬ್ಬಸದಿಂದ ದಿಂಬಿಗೊರಗಿ ಕೂತಿದ್ದರು. ಮಾತು ಪೂರ್ತಿ ಬರಲಿಲ್ಲ, ಅಂಗೈಯನ್ನು ಹಾಸಿಗೆಯಿಂದ ಮೇಲೆತ್ತಿ ಹುಬ್ಬು ಏರಿಸಿದರು. ಮಳೆ ಮುಗಿದ ಕೂಡಲೇ ಹೋಗಿ ನೋಡಿ ಬಂದು ಹೇಳುತ್ತೇನೆ ಎಂದೆ.

ಮಳೆ ಮುಗಿಯುವ ಮೊದಲೇ ಅವರು ತೀರಿಕೊಂಡರು. ದೋಣಿ ಮತ್ತೆ ನೀರಿಗಿಳಿದಾಗ ನಾನು ಕಾರವಾರಕ್ಕೆ ಹೋದೆ. ನೆಲದ ತೇಗವೆಲ್ಲ ಒಂದೇ ಬಣ್ಣ, ಕಡಲಿನ ಹಲಗೆ ಯಾವುದು ಬಮ್ಮಿಗಟ್ಟಿಯ ಪಡಸಾಲೆ ಯಾವುದು ತಿಳಿಯದು. ಗೆರೆ ಮಾತ್ರ ಕಾಣುತ್ತಿತ್ತು, ಮಳೆಗಾಲದ ತೇವಕ್ಕೆ ಅರ್ಧ ಕಿರಿದಾಗಿ. ಹೊಸ ಉಂಗುರಕ್ಕೆ ಒಂದು ಬೆರಳು ಸೇರಿಸಿ ಎತ್ತಿದೆ.

ಎದ್ದಿತು. ಊರಿಗೆ ಹಿಂದಿರುಗುವಾಗ ದುಮ್ಮವಾಡದಲ್ಲಿ ಇಳಿದು ಜೈನಬಿಗೆ ಹೇಳಿದೆ. “ನೀವ ಎತ್ತಿದ್ರೇನು?” ಎಂದು ಕೇಳಿದರು.